ಮೊದಲ ಕುಕ್ಕು

"ಕೇಳ್ರಪ್ಪೋ ಕೇಳ್ರಿ! ದೊರೆಗಳ ಕೋಳಿಯಂಗಳದ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ! ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತೆ!"

ಡಂಗುರ ಕೇಳಿ ಮೊದಲು ಹೋದವನು ಪಕ್ಕದ ರಾಜ್ಯದ ರಾಜಕುಮಾರ. ಒಂದು ಕೋಳಿ ಮಾತ್ರ ಉಳಿದವಕ್ಕಿಂತ ಮೇಲಾಗುವುದು ಯಾಕೆ ಎಂಬ ಮೊದಲ ಒಗಟಿಗೆ "ಮೇಲಾಗೋದು ಹುಟ್ಟಿನ ಗುಣ" ಎಂದ. ಆಸ್ಥಾನ ಪಂಡಿತ ಗ್ರಹಗತಿ ಎಂದ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳದ ಜಟ್ಟಿ ಬೊಮ್ಮ ಎದೆ ತಟ್ಟಿ ಬಲ ಎಂದ. ಮೂವರೂ ಸೆರೆಮನೆ ಸೇರಿದರು.

ಬೊಮ್ಮನ ತಮ್ಮ ಕೆಂಚ. ಚಿಕ್ಕಂದಿನಲ್ಲಿ ಅಣ್ಣನೊಡನೆ ಮೊದಲ ಸಲ ಕುಸ್ತಿಗೆ ಇಳಿದಾಗ ಒದ್ದೆ ಮಣ್ಣಿನಲ್ಲಿ ಜಾರಿ ಬಿದ್ದವನು, ಆಮೇಲೆ ಗೆದ್ದದ್ದೇ ಇಲ್ಲ. ಎದುರಾಳಿ ತೊಡೆ ತಟ್ಟಿದರೆ ಸಾಕು, ಇವನು ಹಿಂದೆ ಸರಿಯುತ್ತಿದ್ದ. ಇಂಥವನು ಅಣ್ಣನ ಜೀವ ಉಳಿಸಲೆಂದು ಕೋಳಿಯಂಗಳಕ್ಕೆ ಹೋಗಿ ದೊರೆಯ ಮುಂದೆ ನಿಂತ.

"ಈ ಕೋಳಿಗಳಿಗೆ ತಾಯಿ ಒಂದೇ, ತೂಕ ಒಂದೇ. ಆದರೂ ಒಂದು ಮಿಕ್ಕ ಎಲ್ಲವನ್ನೂ ಕುಕ್ಕುತ್ತೆ. ಯಾಕೆ?" ಎಂದ ದೊರೆ.

ಕೆಂಚ ಮಡಕೆಯೊಂದನ್ನು ತರಿಸಿ, ಹುಣಸೆಬೀಜ, ಅವರೆಕಾಳು ಸಮಸಮ ಹಾಕಿದ. "ನೋಡದೆ ಒಂದು ತೆಗೀರಿ ಬುದ್ಧಿ. ಬಂದದ್ದು ಗೆದ್ದ ಹಾಗೆ. ಅದನ್ನ ವಾಪಸ್ ಹಾಕಿ, ಅದೇ ಜಾತಿದು ಇನ್ನೊಂದು ಸೇರಿಸಿ. ಸೋತದ್ದರಲ್ಲಿ ಒಂದು ತೆಗೆದುಬಿಡಿ."

ದೊರೆ ತೆಗೆಯುತ್ತಾ ಹೋದ. ಕೊನೆಗೆ ಮಡಕೆಯಲ್ಲಿ ಬರೀ ಹುಣಸೆಬೀಜ.

"ಮೊದಲ ಗೆಲುವು ಆಕಸ್ಮಿಕ, ಬುದ್ಧಿ. ಗೆದ್ದದ್ದಕ್ಕೆ ಧೈರ್ಯ ಬರುತ್ತೆ, ಸೋತದ್ದಕ್ಕೆ ಎದೆ ಒಡೆಯುತ್ತೆ."

"ಸರಿ, ಎರಡನೇದು: ಆ ಮೇಲಾದ ಕೋಳಿ ಒಮ್ಮೆಯೂ ಮುಟ್ಟದ ಕೋಳಿ ಕೂಡ ಅದಕ್ಕೆ ದಾರಿ ಬಿಡುತ್ತಲ್ಲ, ಯಾಕೆ?"

"ಬೇರೆಯವು ಸೋತದ್ದನ್ನ ನೋಡಿರುತ್ತೆ. ನಮ್ಮಣ್ಣನ ಮುಂದೆ ಊರಿನ ಹುಡುಗರು ಗರಡಿಗೆ ಇಳಿಯೋ ಮೊದಲೇ ಸೋಲ್ತಿದ್ರು."

ದೊರೆಯ ದನಿ ತಗ್ಗಿತು. "ಎಲ್ಲವನ್ನೂ ಬೇರೆ ಮಾಡಿ, ಹಳೇದು ಮರೆತ ಮೇಲೆ ಮತ್ತೆ ಕೂಡಿಸಿದರೆ ಮೇಲೆ ಯಾವುದು?"

ಕೆಂಚ ಮಡಕೆ ಬರಿದು ಮಾಡಿ, ಮತ್ತೆ ಸಮಸಮ ಹಾಕಿ ಕೊಟ್ಟ. ಈ ಸಲ ಅವರೆಕಾಳೇ ತುಂಬಿತು.

"ಮೇಲೆ ಒಂದು ಇದ್ದೇ ಇರುತ್ತೆ ಬುದ್ಧಿ. ಯಾವುದು ಅಂತ ಯಾರೂ ಹೇಳೋಕಾಗಲ್ಲ."

ದೊರೆ ಬಿಳಿಚಿಕೊಂಡ. ಹಾಗೆ ಮಾಡಿ ನೋಡಿದ್ದ ಅವನು; ಎಲ್ಲಕ್ಕೂ ಕೆಳಗಿದ್ದ ಕೋಳಿ ಮೇಲಾದದ್ದನ್ನು ಕಂಡಾಗಿನಿಂದ ಅವನಿಗೆ ಸಿಂಹಾಸನದ ಮೇಲೆ ನೆಮ್ಮದಿಯಿರಲಿಲ್ಲ. "ಇದನ್ನ ಎಲ್ಲೂ ಬಾಯಿಬಿಡಬೇಡ. ಏನು ಬೇಕು ಕೇಳು."

"ಅಣ್ಣನ್ನ ಬಿಡಿ."

ಬೊಮ್ಮನನ್ನು ಬಿಟ್ಟರು. ಉಳಿದಿಬ್ಬರ ತಲೆಗಳು ಅಮಾವಾಸ್ಯೆಗೆ ಉರುಳಿದವು.

ದಾರಿಯುದ್ದಕ್ಕೂ ಬೊಮ್ಮ ಹಿಂದೆಯೇ ನಡೆದ. ಮನೆ ಬಾಗಿಲಲ್ಲಿ ಕೆಂಚ ಎಂದಿನಂತೆ ಅಣ್ಣನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಬೊಮ್ಮನೂ ಸರಿದ.

"ನೀ ಮುಂದೆ ಹೋಗಪ್ಪ" ಎಂದ ಅಣ್ಣ, ತಲೆ ಎತ್ತದೆ.

ಒಮ್ಮೆ ಗದರಲಿ ಎಂದು ಕೆಂಚ ಕಾದು ನಿಂತ. ಅಣ್ಣ ಗದರಲಿಲ್ಲ. ಕೆಂಚ ಅಳುತ್ತಾ ಮೊದಲು ಒಳಗೆ ಹೋದ.