ಬಿಳಿಯಾದ ಕೈ

"ಗುರುಗಳೇ, ನನ್ನಲ್ಲಿ ಏನು ಕೊರತೆ?" ಎಂದು ಶಿವಪುತ್ರ ಕೇಳಿದ.

ಅವನು ಕೆಲಸ ಹುಡುಕಿ ಹುಡುಕಿ ಸೋತು ಮಠಕ್ಕೆ ಬಂದಿದ್ದ ಶಿಷ್ಯ. ಅಂಗಡಿ, ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದ ಕಾಲ ಅದು. ಒಂದು ಕಡೆ ಓದು ಹೆಚ್ಚಾಯಿತು ಎಂದರು. ಇನ್ನೊಂದು ಕಡೆ ಅನುಭವ ಸಾಲದು ಎಂದರು. ಓದನ್ನು ಮುಚ್ಚಿಟ್ಟು ಹೋದರೆ, ಓದಿದವರೇ ಬೇಕು ಎಂದರು.

"ನಾಳೆ ಮತ್ತೊಂದು ಊರಿಗೆ ಹೋಗಬೇಕು. ಓದಿದ್ದೇನೆ ಎನ್ನಲೋ ಇಲ್ಲ ಎನ್ನಲೋ ತಿಳಿಯುತ್ತಿಲ್ಲ. ನನ್ನ ತಪ್ಪು ಯಾವುದೆಂದು ಹೇಳಿಬಿಡಿ, ತಿದ್ದಿಕೊಳ್ಳುತ್ತೇನೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ ತೆಗೆಯುವುದು ಅವನ ಕೆಲಸ. ಬಣ್ಣಗಾರರ ಕೇರಿಯಲ್ಲಿ ಒಂದು ರೂಢಿಯಿತ್ತು. ಕೆಲಸ ಕೇಳುವವನು ಬಾಯಿ ತೆರೆಯುವ ಹಾಗಿಲ್ಲ, ಕೈ ಚಾಚಿ ನಿಲ್ಲಬೇಕು. ನೀಲಿ ಮಣಿಕಟ್ಟಿನವರೆಗೆ ಇದ್ದರೆ ಕಲಿಯುವವನು, ಮೊಣಕೈವರೆಗೆ ಏರಿದ್ದರೆ ಕಸುಬುದಾರ. ಈ ಬಣ್ಣಗಾರನ ಕೈ ಮೊಣಕೈ ದಾಟಿ ನೀಲಿಯಾಗಿತ್ತು. ಅದು ಅವನ ಹೆಮ್ಮೆ.

ಕಾಲ ಕೆಟ್ಟಿತು. ದೂರದ ವರ್ತಕರು ಬರುವುದು ನಿಂತಿತು. ತೊಟ್ಟಿಗಳು ಒಂದೊಂದಾಗಿ ಒಣಗಿದವು. ಬಣ್ಣಗಾರ ಬಾಗಿಲಿಂದ ಬಾಗಿಲಿಗೆ ಹೋಗಿ ಕೈ ಚಾಚಿದ. ಯಜಮಾನರು ಅವನ ಮುಖ ನೋಡಲಾರದೆ ತಲೆ ತಗ್ಗಿಸಿದರು. ಅವರ ಕೈಗಳ ನೀಲಿಯೂ ಮಾಸುತ್ತಿತ್ತು. ಅವನು ಅದನ್ನು ಗಮನಿಸಲಿಲ್ಲ. ಮನೆಯಲ್ಲಿ ಒಲೆ ಉರಿಯದಿರುವಾಗ ಯಾರು ತಾನೇ ಇನ್ನೊಬ್ಬರ ಕೈ ನೋಡುತ್ತಾರೆ?

ಅವನು ಅಕ್ಕಿ ವ್ಯಾಪಾರಿಯ ಬಳಿಗೆ ಹೋದ. "ಈ ಕೈಯಲ್ಲಿ ಅಕ್ಕಿ ಮುಟ್ಟಿದರೆ ಯಾರಪ್ಪ ಕೊಳ್ಳುತ್ತಾರೆ?" ಎಂದು ವ್ಯಾಪಾರಿ ನಕ್ಕ. ಮಿಠಾಯಿ ಮಾಡುವವನು ನಗಲೂ ಇಲ್ಲ, ದೂರದಿಂದಲೇ ಕೈಬೀಸಿ ಕಳಿಸಿದ. ಕೆಲಸಕ್ಕೆ ಬರವಿತ್ತೇ ಹೊರತು ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಕಂಡಕಂಡವರೆಲ್ಲ ಅವನ ಕೈಯನ್ನೇ ದೂರಿದರು. ಕೊನೆಗೆ ಹೆಂಡತಿಯೂ ಅದನ್ನೇ ಹೇಳಿದಳು. ಅವನಿಗೆ ತನ್ನ ಕೈ ಕಂಡರೇ ನಾಚಿಕೆಯಾಯಿತು.

ಬೂದಿ ಹಾಕಿ ಉಜ್ಜಿದ. ಹುಣಸೆಹಣ್ಣು ಹಾಕಿ ಉಜ್ಜಿದ. ಇಟ್ಟಿಗೆ ಚೂರಿನಿಂದ ಉಜ್ಜಿದ. ಚರ್ಮ ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಗಾಯ ಮಾಯುವ ಹೊತ್ತಿಗೆ ಕೈ ಬೆಳ್ಳಗಾಗಿತ್ತು.

ಹಿಗ್ಗುತ್ತ ಅಕ್ಕಿ ವ್ಯಾಪಾರಿಯ ಮುಂದೆ ಮತ್ತೆ ಹೋಗಿ ನಿಂತ. ವ್ಯಾಪಾರಿ ಈ ಸಲ ನಗಲಿಲ್ಲ. ಕೈ ಚೆನ್ನಾಗಿದೆ, ಆದರೆ ಮೂಟೆಗಳೇ ಕದಲುತ್ತಿಲ್ಲ, ನನ್ನ ಆಳುಗಳನ್ನೇ ಮನೆಗೆ ಕಳಿಸಿದೆ ಎಂದ.

ಅಷ್ಟರಲ್ಲಿ ಬಣ್ಣಗಾರರ ಕೇರಿಯಲ್ಲಿ ಒಂದೇ ಒಂದು ತೊಟ್ಟಿ ತುಂಬಿದೆ ಎಂಬ ಸುದ್ದಿ ಬಂತು. ಯಾರದೋ ಮನೆಯ ಮದುವೆಗೆ ಸೀರೆಗಳು ಬೇಕಾಗಿದ್ದವು. ಬಣ್ಣಗಾರ ಓಡಿದ. ಅವನ ಗುರುತಿಲ್ಲದ ಹೊಸ ಯಜಮಾನನ ಮುಂದೆ ರೂಢಿಯಂತೆ ಕೈ ಚಾಚಿದ. ಚಾಚಿದ ಮೇಲೆಯೇ ಅದು ಬೆಳ್ಳಗಿರುವುದು ನೆನಪಾಯಿತು.

"ಈ ಕೈ ತೊಟ್ಟಿಯನ್ನೇ ಕಂಡಿಲ್ಲ. ಕಲಿಸುತ್ತ ಕೂರುವ ಕಾಲವಲ್ಲ ಇದು, ಹೋಗು," ಎಂದ ಯಜಮಾನ.

"ಅಯ್ಯಾ, ನಾನು ಹುಟ್ಟಿದ್ದೇ ಈ ಕೇರಿಯಲ್ಲಿ."

"ಇಲ್ಲಿ ಬಾಯಿ ಮಾತಾಡುವುದಿಲ್ಲ."

ಬಣ್ಣಗಾರ ಕೇರಿಯ ತುದಿಯಲ್ಲಿ ಕೂತು ಕೈ ನೋಡಿಕೊಂಡ. ನೀಲಿಯಾಗಿದ್ದಾಗ ನಾಚಿದ್ದು ತಪ್ಪೋ, ಬಿಳಿಯಾದಾಗ ಹಿಗ್ಗಿದ್ದು ತಪ್ಪೋ, ಅವನಿಗೆ ತಿಳಿಯಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೂ ತೋಚಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿವಪುತ್ರನಿಗೆ ಮತ್ತಷ್ಟು ಗೊಂದಲವಾಯಿತು.

"ಹಾಗಾದರೆ ಅವನು ಕೈ ಉಜ್ಜಬಾರದಿತ್ತೇ?"

"ಉಜ್ಜದಿದ್ದರೆ ಅಕ್ಕಿಯವನು ಕೆಲಸ ಕೊಡುತ್ತಿದ್ದನೇ?"

"ಇಲ್ಲ. ಉಜ್ಜಿದರೂ ಕೊಡಲಿಲ್ಲ. ಮತ್ತೆ ಅವನ ಕೊರತೆ ಯಾವುದು, ಗುರುಗಳೇ?"

"ಮಗೂ, ಒಣಗಿದ್ದು ತೊಟ್ಟಿ, ಅವನು ಉಜ್ಜಿದ್ದು ಕೈಯನ್ನು," ಎಂದರು ಗುರುಗಳು.

ಶಿವಪುತ್ರ ನಾಳೆಯ ಪ್ರಯಾಣಕ್ಕೆ ತನ್ನ ಓದಿನ ಪತ್ರಗಳನ್ನೂ ಚೀಲಕ್ಕೆ ಹಾಕಿಕೊಂಡ.