ಜಟ್ಟಪ್ಪನ ನಿಂತ ಕಾಲು

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಕೊಳವಿದೆ. ಎಲ್ಲಿ ಅಂತ ಕೇಳಬೇಡಿ, ದಾರಿ ನನಗೂ ಸರಿಯಾಗಿ ಗೊತ್ತಿಲ್ಲ. ಮಧ್ಯಾಹ್ನದ ಮಂಪರಿನಲ್ಲಿ ಆಗೊಮ್ಮೆ ಈಗೊಮ್ಮೆ ಹೋಗಿಬಂದಿದ್ದೇನೆ, ಅಷ್ಟೇ. ಅಲ್ಲಿ ಬೆಳಗಿನ ಮಂಜು ಬೇಗ ಏಳುವುದಿಲ್ಲ. ನೀರು ಯಾವುದು, ಆಕಾಶ ಯಾವುದು ಅಂತ ಮೀನುಗಳಿಗೇ ಗೊಂದಲ. ದಡದ ಕಕ್ಕೆಮರ ಕೊಳದ ಮೇಲೆ ಬಾಗಿ, ತನ್ನ ಹಳದಿ ಹೂಗಳನ್ನು ಸದ್ದಿಲ್ಲದೆ ಉದುರಿಸುತ್ತಿರುತ್ತದೆ.

ಆ ಮರದ ಕೆಳಗೇ ಹಕ್ಕಿಗಳ ಗರಡಿ. ಗುರು, ಮುದಿ ಕೊಕ್ಕರೆ ಗಿರಿಜವ್ವ. ಕಲಿಸುವ ವಿದ್ಯೆ ಒಂದೇ, ಒದೆಯುವುದು. ಕೈಯಿಲ್ಲದವರು ಇನ್ನೇನು ಕಲಿತಾರು?

ಗರಡಿಯ ಪದ್ಧತಿಯೂ ಒಂದೇ.

"ನೀರೊಳಗೆ ಒಂಟಿಕಾಲಲ್ಲಿ ನಿಲ್ಲು. ಕಾಲ ಸುತ್ತ ಏಳೋ ಅಲೆ ಸುಮ್ಮನಾಗಲಿ. ಆಮೇಲೆ ಮೇಲಿನ ಕಕ್ಕೆಕಾಯಿಗೆ ಒದಿ," ಎನ್ನುತ್ತಿದ್ದಳು ಗಿರಿಜವ್ವ.

ಕಾಡುಕೋಳಿ ಹುಂಜ ಜಟ್ಟಪ್ಪನಿಗೆ ಇದು ಹಿಡಿಸಲಿಲ್ಲ. ಅವನ ಬಲಗಾಲು ನೋಡಬೇಕಿತ್ತು ನೀವು, ಹಿಮ್ಮಡಿಯ ಮೇಲೆ ಹೊಳೆಯುವ ಮುಳ್ಳು, ಕೆಂಪನೆಯ ಬೆರಳು! ಅದನ್ನು ಮೂರು ಹೊತ್ತೂ ಕೊಕ್ಕಿನಿಂದ ತಿಕ್ಕುತ್ತಿದ್ದ. ಎಡಗಾಲು ಇದೆ ಅನ್ನುವುದೇ ಅವನಿಗೆ ನೆನಪಿರುತ್ತಿರಲಿಲ್ಲ. ಹಾಗಾಗಿ ನೀರಿಗಿಳಿದರೆ ಸಾಕು, ಎಡಗಾಲು ಗಡಗಡ ನಡುಗಿ ಕೊಳದ ತುಂಬ ಅಲೆ.

"ಒದೆಯೋದು ಕಲಿಯೋಣ ಅಂತ ಬಂದರೆ ಈಯಮ್ಮ ನಿಲ್ಲೋದು ಕಲಿಸ್ತಾಳಲ್ಲ!" ಎಂದು ಗೊಣಗಿದ ಜಟ್ಟಪ್ಪ, ಆಮೆ ಭರಮಣ್ಣನ ಹತ್ತಿರ ಹೋದ.

"ಭರಮಣ್ಣ, ನೀರೊಳಗೆ ನನ್ನ ಎಡಗಾಲನ್ನ ಬಾಯಲ್ಲಿ ಹಿಡ್ಕೊಂಡು ಅಲ್ಲಾಡದೆ ಕೂತ್ಕೋತೀಯಾ? ದಿನಾ ಅತ್ತಿಹಣ್ಣು ತಂದುಕೊಡ್ತೀನಿ."

"ಅಲ್ಲಾಡದೆ ಕೂತ್ಕೊಳ್ಳೋದಾ? ಅದು ನಮ್ಮ ಮನೆತನದ ಕಸುಬಪ್ಪ," ಎಂದ ಭರಮಣ್ಣ. ಅವನಿಗೆ ಹಲ್ಲಿರಲಿಲ್ಲ, ಕಚ್ಚುವ ಭಯವಿರಲಿಲ್ಲ.

ಮರುದಿನದಿಂದ ಜಟ್ಟಪ್ಪನ ಕಾಲ ಸುತ್ತ ನೀರು ಕನ್ನಡಿಯ ಹಾಗೆ ನಿಂತಿತು. ಅವನು ಬಲಗಾಲು ಎಗರಿಸಿ ಒದ್ದರೆ ಕಕ್ಕೆಕಾಯಿ ತೂಗಾಡಿ, ಮರವೆಲ್ಲ ನಡುಗಿ, ಹಳದಿ ಹೂವಿನ ಮಳೆ. ಗಿರಿಜವ್ವನ ಕಣ್ಣಿಗೆ ಪೊರೆ ಬಂದಿತ್ತು. "ಭೇಷ್ ಮಗನೇ," ಅಂದುಬಿಟ್ಟಳು.

ದಡದ ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟು ಕಾಯುತ್ತಿದ್ದ ಟಿಟ್ಟಿಭ ಹಕ್ಕಿ ಚಿನ್ನಕ್ಕನ ಕಣ್ಣು ಮಾತ್ರ ಚುರುಕಾಗಿತ್ತು.

"ಜಟ್ಟಪ್ಪಾ, ನಿನ್ನ ಕಾಲಡಿ ಗುಳ್ಳೆ ಏಳ್ತಿದೆಯಲ್ಲೋ?"

"ಮೀನಿರಬೇಕು ಬಿಡಕ್ಕಾ. ನೀನೂ ಗರಡಿಗೆ ಬರಬಾರದಾ?"

"ನನಗೆಲ್ಲಿ ಪುರುಸೊತ್ತು? ಬಿಸಿಲೇರಿದರೆ ಮೊಟ್ಟೆ ಬೆಂದುಹೋಗುತ್ತೆ. ಮೇಲೆ ನೆರಳಾಗಿ ನಿಂತಿರಬೇಕು. ಅದೂ ಅಲ್ಲದೆ ಆಚೆ ಪೊದೆಗೆ ಒಂದು ಉಡ ಬಂದು ಸೇರಿಕೊಂಡಿದೆಯಂತೆ."

"ಉಡ ಬಂದರೆ ನನ್ನ ಕರಿ. ಒಂದೇ ಒದೆತ, ಕೊಳದಾಚೆ ಬೀಳ್ತಾನೆ!"

ಚಿನ್ನಕ್ಕ ಆ ಮಾತು ನಂಬಿದಳು. ನಂಬದೆ ಏನು ಮಾಡಿಯಾಳು? ಮೊಟ್ಟೆ ಎತ್ತಿಕೊಂಡು ಓಡಲಿಕ್ಕೆ ಆಗುತ್ತದೆಯೇ?

ಒಂದು ಮಧ್ಯಾಹ್ನ ಕಾಡೆಲ್ಲ ತೂಕಡಿಸುತ್ತಿತ್ತು. ಗಾಳಿಯೂ ಮಲಗಿತ್ತು. ಪೊದೆಯಿಂದ ಉಡ ಹೊರಬಂದ. ನಾಲಗೆ ಮುಂದೆ, ಅವನು ಹಿಂದೆ.

"ಜಟ್ಟಪ್ಪಾ! ಬಾರೋ!" ಎಂದು ಚಿನ್ನಕ್ಕ ಕೂಗಿದಳು.

ಜಟ್ಟಪ್ಪ ಹಾರಿಬಂದ. ಕತ್ತು ನಿಗುರಿಸಿ, ರೆಕ್ಕೆ ಬಡಿದು, ಬಲಗಾಲನ್ನು ಎಲ್ಲರಿಗೂ ಕಾಣುವಷ್ಟು ಮೇಲೆತ್ತಿದ. ಕೆಳಗೆ ಎಡಗಾಲಡಿಯ ಬೆಣಚುಕಲ್ಲು ಗಿರಕಿ ಹೊಡೆಯಿತು. ಜಟ್ಟಪ್ಪ ಅಂಗಾತ ಬಿದ್ದ.

"ಪಾಪ, ಪೆಟ್ಟಾಯ್ತಾ ತಮ್ಮಾ?" ಎಂದ ಉಡ. "ಇರು, ಊಟ ಮುಗಿಸಿ ನೋಡ್ತೀನಿ."

"ಭರಮಣ್ಣಾ! ಬಂದು ಕಾಲು ಹಿಡ್ಕೋ!" ಜಟ್ಟಪ್ಪ ಅರಚಿದ.

"ಬಂದೆ, ಬಂದೆ," ಎಂದಿತು ಕೊಳದ ತಳದಿಂದ ಒಂದು ನಿದ್ದೆಗಣ್ಣಿನ ದನಿ. ಭರಮಣ್ಣ ಬಂದೆ ಅಂದರೆ ಸಂಜೆಯ ಹೊತ್ತಿಗೆ ಬಂದಾನು.

ಉಡದ ನಾಲಗೆ ಮೊದಲ ಮೊಟ್ಟೆಯನ್ನು ಸವರಿತು.

ಚಿನ್ನಕ್ಕನ ಒಂದು ಕಾಲು ನಾಲ್ಕು ಮೊಟ್ಟೆಗಳ ಸಂದಿಯಲ್ಲಿತ್ತು. ಅದು ಕೂದಲೆಳೆಯಷ್ಟು ಸರಿದರೂ ತನ್ನ ಮರಿಯನ್ನು ತಾನೇ ತುಳಿದಂತೆ. ಅದು ಸರಿಯಲಿಲ್ಲ. ಇನ್ನೊಂದು ಕಾಲು ಎದ್ದದ್ದು ಯಾರಿಗೂ ಕಾಣಲಿಲ್ಲ. ಉಡದ ಮೂಗಿನ ತುದಿಗೆ ಟಪ್ ಎಂದು ಬಿದ್ದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಉಡ ಹೋದ. ಮೂಗನ್ನು ನೀರಿನಲ್ಲಿ ಅದ್ದಿಕೊಂಡು, ಗುಳುಗುಳು ಸದ್ದು ಮಾಡುತ್ತ, ಬೇರೆ ಕಾಡಿಗೇ ಹೋದ.

ಸದ್ದು ಕೇಳಿ ಗಿರಿಜವ್ವ ನಿಧಾನವಾಗಿ ನಡೆದುಬಂದಳು.

"ಇಂಥ ಒದೆತ ಎಲ್ಲಿ ಕಲಿತೆ ತಾಯಿ? ಯಾವ ಗರಡಿ?"

"ಒದೆಯೋದೆಲ್ಲ ನನಗೆ ಗೊತ್ತಿಲ್ಲವ್ವಾ," ಎಂದಳು ಚಿನ್ನಕ್ಕ, ಮೊಟ್ಟೆಗಳನ್ನು ಕೊಕ್ಕಿನಿಂದ ಮೆಲ್ಲಗೆ ಸರಿಮಾಡುತ್ತ. "ನಿಂತಿದ್ದೆ, ಅಷ್ಟೇ. ದಿನಾ ನಿಂತಿರ್ತೀನಲ್ಲ."

ಗಿರಿಜವ್ವ ಜಟ್ಟಪ್ಪನ ಕಡೆ ತಿರುಗಿದಳು. ಅವನು ತನ್ನ ಎಡಗಾಲನ್ನು ಮೊಟ್ಟಮೊದಲ ಸಲ ಕಂಡವನಂತೆ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಮಂಜಿನಲ್ಲಿ ಜಟ್ಟಪ್ಪ ಒಬ್ಬನೇ ನೀರಿಗಿಳಿದ.

"ಹಾಗಾದರೆ ನನ್ನ ಅತ್ತಿಹಣ್ಣು?" ಎಂದ ಭರಮಣ್ಣ.

"ಹಣ್ಣು ತರ್ತೀನಿ. ಕಾಲು ಮಾತ್ರ ಹಿಡೀಬೇಡ."

ಎಡಗಾಲು ನಡುಗಿತು, ಕೊಳವೆಲ್ಲ ಅಲೆ. ಅವನು ನಿಂತೇ ಇದ್ದ. ಕಕ್ಕೆಯ ಹೂಗಳು ಒಂದೊಂದಾಗಿ ಉದುರಿದವು. ಬಿಸಿಲು ಬಂತು. ಎಷ್ಟೋ ಹೊತ್ತಿನ ಮೇಲೆ ಒಂದು ಎಸಳು ತೇಲಿಬಂದು ಅವನ ಕಾಲಿಗೆ ತಾಗಿ ಅಲ್ಲೇ ನಿಂತಿತು. ನೀರಿನಲ್ಲಿ ಒಂದು ಗೆರೆಯೂ ಇರಲಿಲ್ಲ.

"ಈಗ ಒದಿ ಮಗಾ," ಎಂದಳು ಗಿರಿಜವ್ವ.

ಜಟ್ಟಪ್ಪನಿಗೆ ಒದೆಯುವುದೇ ಮರೆತುಹೋಗಿತ್ತು.

ನೀತಿ: ಒದೆಯುವ ಕಾಲಿನ ಬಲವೆಲ್ಲ ನಿಂತ ಕಾಲಿನಲ್ಲಿದೆ, ತನ್ನ ಕಾಲನ್ನು ಇನ್ನೊಬ್ಬರ ಬಾಯಿಗೆ ಕೊಟ್ಟು ನಿಂತವನು ಆಪತ್ತಿಗೆ ಒದಗಲಾರ.