ಊರಬಾಗಿಲಲ್ಲಿ ಕೆಂಡದ ಮಡಕೆ

“ಗುರುಗಳೇ, ಒಬ್ಬರನ್ನೊಬ್ಬರು ಒಪ್ಪದ ಇಬ್ಬರ ನಡುವೆ ಸಿಕ್ಕಿಕೊಂಡವನು ಏನು ಮಾಡಬೇಕು?” ಎಂದು ಚೆನ್ನಬೀರ ಕೇಳಿದ.

ಅವನು ಮೆಚ್ಚಿದ ಹುಡುಗಿ ಬೇರೆ ಕುಲದವಳು. ಅವನ ತಾಯಿಗೆ ಆ ಕುಲವೆಂದರೆ ಆಗದು. ಇಬ್ಬರಿಗೂ ಹೇಳಿ ಹೇಳಿ ಸೋತು ಮಠಕ್ಕೆ ಬಂದಿದ್ದ. ಕೂತಲ್ಲಿ ಕೂರಲಾರದೆ ಎದ್ದು ಬಾಗಿಲಿಗೆ ಹೋಗುವನು, ಮತ್ತೆ ಬಂದು ಕೂರುವನು.

“ಮೊದಲು ಕೂತುಕೋ. ನಿನ್ನ ಓಡಾಟ ನೋಡಿ ನನ್ನ ಕಾಲು ನೋಯುತ್ತಿದೆ” ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟ, ಅದರ ಕೆಳಗೊಂದು ದೊಡ್ಡ ಕೆರೆ. ಬೆಟ್ಟದ ಮೇಲೆ ಒಂದು ಜನ, ಕೆರೆಯ ದಡದಲ್ಲಿ ಇನ್ನೊಂದು ಜನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಇವರು ಸರಿ ಎಂದದ್ದು ಅವರಿಗೆ ಸರಿಯಲ್ಲ.

ಬೆಟ್ಟದವರು ಒಲೆಯ ಬೆಂಕಿಯನ್ನು ಆರಲು ಬಿಡುವವರಲ್ಲ. ಅವರ ನೆನಪೆಲ್ಲ ಇರುವುದು ಆ ಬೆಂಕಿಯಲ್ಲಿ. ಮಗಳು ಮದುವೆಗೆ ಹೊರಟಾಗ ತಾಯಿ ತನ್ನ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿ ಕೊಡುತ್ತಾಳೆ. ಆ ಕೆಂಡ ಆರಿತೆಂದರೆ ಹೆಣ್ಣಿಗೆ ತಾಯಿಯ ಹೆಸರು ಮರೆತುಹೋಗುತ್ತದೆ, ತವರಿನ ದಾರಿಯೂ ಮರೆತುಹೋಗುತ್ತದೆ. ಕೆರೆಯವರ ರೀತಿ ಬೇರೆ. ದಿನವೂ ಬೆಳಗ್ಗೆ ಹೊಸ ಬೆಂಕಿ ಹೊತ್ತಿಸುತ್ತಾರೆ, ಸಂಜೆ ಕೆರೆಯ ನೀರು ಚಿಮುಕಿಸಿ ಆರಿಸುತ್ತಾರೆ. ಅವರಲ್ಲಿ ಕೆಂಡದ ಮಡಕೆ ಮುಂದೆ ಹೋಗುವುದು ಹೆಣ ಹೊರಟಾಗ ಮಾತ್ರ.

ಕೆರೆಯ ಒಬ್ಬ ಯುವಕ ಮತ್ತು ಬೆಟ್ಟದ ಒಬ್ಬ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದರು. ಹೇಗೆ ಎಂದು ಕೇಳಬೇಡ. ಬೇಲಿ ಹಾಕಿದವರಿಗೆ ಗೊತ್ತಾಗುವ ಮೊದಲೇ ಇಂಥದ್ದು ಆಗಿಹೋಗಿರುತ್ತದೆ. ಹುಡುಗಿಯ ತಾಯಿ ಅತ್ತಳು, ಬೈದಳು, ಕಡೆಗೆ ಕೆಂಡ ತುಂಬಿಕೊಟ್ಟಳು. ಹುಡುಗಿ ದಾರಿಯುದ್ದಕ್ಕೂ ಮಡಕೆಗೆ ಕಟ್ಟಿಗೆಯ ಚಕ್ಕೆ ಹಾಕುತ್ತ, ಊದುತ್ತ ಬೆಟ್ಟ ಇಳಿದಳು. ಕೆರೆಯವರ ಊರಬಾಗಿಲಲ್ಲಿ ಯುವಕ ಕಾದು ನಿಂತಿದ್ದ. ಅವಳನ್ನು ಕಂಡು ಅವನ ಎದೆ ತುಂಬಿತು. ಮಡಕೆಯ ಹೊಗೆ ಕಂಡು ತನ್ನ ತಾಯಿಯ ನೆನಪಾಯಿತು.

“ಇಲ್ಲೇ ಇರು. ಅಮ್ಮನ್ನ ಒಪ್ಪಿಸಿ ಬರ್ತೀನಿ” ಎಂದು ಮನೆಗೆ ಓಡಿದ.

ತಾಯಿ ಬಾಗಿಲಿಗೆ ಅಡ್ಡ ನಿಂತಳು. “ಅಂಥ ಮಡಕೆ ಹಿಂದೆ ನಾನು ಒಂದು ಸಲ ನಡೆದಿದೀನಿ ಮಗಾ, ನಿಮ್ಮಪ್ಪ ಹೋದ ದಿನ. ಹುಡುಗಿ ಬರಲಿ. ಮಡಕೆನ ಕೆರೆಗೆ ಹಾಕಿ ಬರಲಿ” ಎಂದಳು.

ಅವನು ಊರಬಾಗಿಲಿಗೆ ಓಡಿದ. ತಾಯಿಯ ದುಃಖವನ್ನು ಹುಡುಗಿಗೆ ಬಿಡಿಸಿ ಹೇಳಿದ. “ಇದು ಆರಿದರೆ ನಿನ್ನ ಮನೆಗೆ ಬರೋಳು ನಾನಲ್ಲ, ಇನ್ಯಾರೋ” ಎಂದಳು ಹುಡುಗಿ. ಅದೂ ಅವನಿಗೆ ನ್ಯಾಯವಾಗಿಯೇ ಕಂಡಿತು. ಅದನ್ನು ತಾಯಿಗೆ ತಿಳಿಸಲು ಮತ್ತೆ ಮನೆಗೆ ಓಡಿದ.

ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಹೀಗೇ ಓಡಾಡಿದ. ಮನೆಯಲ್ಲಿದ್ದರೆ ಹುಡುಗಿಯ ಚಿಂತೆ, ಹುಡುಗಿಯ ಮುಂದಿದ್ದರೆ ತಾಯಿಯ ಚಿಂತೆ. ಊಟವಿಲ್ಲ, ನೀರಿಲ್ಲ. ಇಬ್ಬರಲ್ಲಿ ಒಬ್ಬರ ಮೇಲೂ ಸಿಟ್ಟಾಗಲಿಲ್ಲ, ಅದು ಅವನ ದೊಡ್ಡ ಗುಣ. ಒಮ್ಮೆ ಆಡಿದ ಮಾತು ನಾಟದಿದ್ದರೆ ಇನ್ನೊಂದು ಜೋಡಿಸಿಕೊಂಡು ಬಂದ. ಮಾತಿಗೆ ಬಡತನವೇ?

ಇತ್ತ ಹುಡುಗಿಯ ಚಕ್ಕೆ ಮುಗಿದಿತ್ತು. ಹೆಣದ ಮಡಕೆ ಎಂದು ಊರವರು ಅವಳ ಹತ್ತಿರ ಸುಳಿಯಲಿಲ್ಲ. ಸುತ್ತ ಇದ್ದದ್ದು ಹಸಿ ಜೊಂಡು, ಹಾಕಿದರೆ ಬರೀ ಹೊಗೆ. ಅವಳು ಬಾಚಣಿಗೆ ಮುರಿದು ಹಾಕಿದಳು. ಮರದ ಬಳೆ ತೆಗೆದು ಹಾಕಿದಳು. ತಾಯಿ ಕೊಟ್ಟಿದ್ದ ಕುಂಕುಮದ ಮರದ ಭರಣಿಯನ್ನೂ ಹಾಕಿದಳು. ಬಂದಾಗಲೆಲ್ಲ ಯುವಕ ಅದನ್ನು ಕಂಡ. ಕಂಡು ಕಣ್ಣೀರು ಹಾಕಿದ. “ಇನ್ನು ಸ್ವಲ್ಪ ತಡಿ, ಅಮ್ಮ ಮೆತ್ತಗಾಗ್ತಿದಾಳೆ” ಎಂದು ಮತ್ತೆ ಓಡಿದ.

ಹೊತ್ತು ಇಳಿಯುವಾಗ ತಾಯಿ ನಿಜಕ್ಕೂ ಸೋತಳು. “ಹಿಂಬಾಗಿಲಿಂದ ಕರ್ಕೊಂಡು ಬಾ. ಮಡಕೆನೂ ಬರಲಿ. ನಾನು ಕಣ್ಣು ಮುಚ್ಕೊಂಡು ಕೂತಿರ್ತೀನಿ” ಎಂದಳು.

ಅವನು ಎದ್ದೂ ಬಿದ್ದೂ ಓಡಿದ. ಹುಡುಗಿ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊಗೆ ಇರಲಿಲ್ಲ. “ಅಮ್ಮ ಒಪ್ಪಿದಳು, ಏಳು” ಎಂದ. ಅವಳಿಗೆ ಅವನ ಗುರುತು ಸಿಕ್ಕಿತು, ನಕ್ಕಳು ಕೂಡ. ಆಮೇಲೆ ಬೂದಿಯಲ್ಲಿ ಬೆರಳಾಡಿಸುತ್ತ, “ನಾನು ಯಾರ ಮಗಳು? ನಿನಗೆ ಗೊತ್ತಿರಬೇಕಲ್ಲ, ಹೇಳು” ಎಂದಳು.

ಅವನು ಬಾಯಿ ತೆರೆದ. ಬೆಳಗಿನಿಂದ ಅಷ್ಟು ಮಾತಾಡಿದವನಿಗೆ ಆ ಒಂದು ಹೆಸರು ಗೊತ್ತಿರಲಿಲ್ಲ. ಅವನು ಎಂದೂ ಕೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಬೀರ ಆಗಲೇ ಎದ್ದು ನಿಂತಿದ್ದ.

“ಇದರಲ್ಲಿ ಅವನ ತಪ್ಪೇನು ಗುರುಗಳೇ? ತಾಯಿ ಬೇಗ ಒಪ್ಪಬೇಕಿತ್ತು. ಇಲ್ಲವೇ ಬೆಟ್ಟದವರು ಅಂಥ ಬೆಂಕಿ ಕೊಟ್ಟು ಕಳಿಸಬಾರದಿತ್ತು. ಅವನು ಪಾಪ, ದಿನವಿಡೀ ಓಡಿದ.”

“ಓಡಿದ, ಪ್ರತಿ ಸಲವೂ ತನ್ನ ಮನೆಯ ಕಟ್ಟಿಗೆ ರಾಶಿಯನ್ನು ದಾಟಿಕೊಂಡೇ ಓಡಿದ” ಎಂದರು ಗುರುಗಳು.